ಪುಟದ ತುಂಬಾ ಹನ್ನೊಂದು

"ವಯಸ್ಸು?" ಅಣ್ಣ ಕೇಳಿದ.

"ಹನ್ನೊಂದು," ಅಂದಳು ಬಟಾಣಿ.

"ಸಾಲು?"

"ಏಳನೇ ಸಾಲು. ಗೋಡೆ ಕಡೆಯಿಂದ ಮೂರನೇದು."

ಟಕ ಟಕ ಟಕ. ಅಣ್ಣನ ಬೆರಳುಗಳು ಲ್ಯಾಪ್‌ಟಾಪಿನ ಮೇಲೆ ಕುಣಿದವು. ಅವನ ಒಂದು ಕಿವಿಯಲ್ಲಿ ಹಾಡು, ಇನ್ನೊಂದು ಕಿವಿಯಲ್ಲಿ ತಂಗಿ. ಕಣ್ಣು ಮಾತ್ರ ಪರದೆ ಬಿಟ್ಟು ಕದಲುತ್ತಿರಲಿಲ್ಲ.

"ಮುಂದಿನವರು?"

ಬಟಾಣಿ ಸ್ಕೇಲನ್ನು ಒಂದು ಗೆರೆ ಕೆಳಗೆ ಸರಿಸಿದಳು. ಯಾರದೋ ಗಂಡಸಿನ ಹೆಸರು. ಓದಿದಳು. ಪಕ್ಕದ ವಯಸ್ಸಿನ ಕಾಲಂನಲ್ಲಿ ಎರಡು ಪುಟ್ಟ ಗೀಟು.

"ಹನ್ನೊಂದು," ಅಂದಳು. ಈ ಸಲ ಅವಳ ದನಿ ಸಣ್ಣಗಾಗಿತ್ತು.

"ಜೋರಾಗಿ ಹೇಳೇ. ಎಷ್ಟು?"

"ಹನ್ನೊಂದು ಅಂದೆನಲ್ಲ!"

ಕಿಟಕಿಯ ಹತ್ತಿರ ಅಮ್ಮ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದಳು. "ಜಗಳ ಬೇಡ. ಒಬ್ಬರು ಓದಿ, ಒಬ್ಬರು ಟೈಪ್ ಮಾಡಿ. ಅಷ್ಟೇ ಕೆಲಸ," ಅಂದಳು.

ಬಟಾಣಿಯ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮೂರು ವರ್ಷದವಳಿದ್ದಾಗ ಅವಳು ಮೂಗಿಗೆ ಬಟಾಣಿ ಕಾಳು ತುರುಕಿಕೊಂಡು ಆಸ್ಪತ್ರೆಗೆ ಹೋಗಿ ಬಂದಿದ್ದಳು. ಕಾಳು ಹೊರಗೆ ಬಂತು, ಹೆಸರು ಅಂಟಿಕೊಂಡಿತು.

ಅವಳ ಅಮ್ಮ ಊರಾಚೆಯ ಹಳೆಯ ಸ್ಮಶಾನದ ಕಚೇರಿಯಲ್ಲಿ ಗುಮಾಸ್ತೆ. ಕಚೇರಿ ಎಂದರೆ ಗೇಟಿನ ಪಕ್ಕದ ಒಂದೇ ಕೋಣೆ. ಅಲ್ಲೊಂದು ಕಬ್ಬಿಣದ ಬೀರು. ಬೀರುವಿನ ತುಂಬ ದಪ್ಪ ದಪ್ಪ ರಿಜಿಸ್ಟರುಗಳು. ಯಾರನ್ನು ಯಾವತ್ತು ತಂದರು, ಯಾವ ಸಾಲಿನಲ್ಲಿ ಮಣ್ಣು ಮಾಡಿದರು ಎಂದು ಬರೆದಿಟ್ಟ ಪುಸ್ತಕಗಳು ಅವು. ಒಂದು ಮಳೆಗಾಲದಲ್ಲಿ ಗೋಡೆ ಒಸರಿ, ಪುಸ್ತಕಗಳ ಅಂಚು ನೆನೆದು ಒಣಗಿ, ಬಿಸ್ಕತ್ತಿನಂತೆ ಮುರಿಯತೊಡಗಿತು.

"ಪುಸ್ತಕ ಹೋದರೆ ಯಾರೆಲ್ಲಿ ಮಲಗಿದಾರೆ ಅಂತ ಮಣ್ಣನ್ನೇ ಕೇಳಬೇಕಾಗುತ್ತೆ. ಮಣ್ಣಿಗೆ ಬಾಯಿಲ್ಲ," ಅಂದಿದ್ದಳು ಅಮ್ಮ.

ಅವತ್ತಿನಿಂದ ಅವಳು ಒಂದೊಂದೇ ಪುಟದ ಫೋಟೊ ತೆಗೆಯತೊಡಗಿದಳು. ಅಣ್ಣ ಒಂದು ವೆಬ್‌ಸೈಟ್ ಮಾಡಿಕೊಟ್ಟ. ಹೆಸರು ಹಾಕಿ ಹುಡುಕಿದರೆ, ವಯಸ್ಸು ಮತ್ತು ಸಾಲು ಕಾಣುತ್ತಿತ್ತು. ಎಲ್ಲೆಲ್ಲಿಂದಲೋ ಇ-ಮೇಲ್ ಬರತೊಡಗಿದವು. ನಮ್ಮ ಮುತ್ತಜ್ಜ ಸಿಕ್ಕಿದರು, ನಮ್ಮ ದೊಡ್ಡತ್ತೆ ಸಿಕ್ಕಿದರು, ತುಂಬ ಥ್ಯಾಂಕ್ಸ್ ಅಂತ. ಸತ್ತವರು ಸಿಕ್ಕಿದ್ದಕ್ಕೆ ಜನ ಇಷ್ಟು ಖುಷಿಪಡುತ್ತಾರೆ ಎಂದು ಬಟಾಣಿಗೆ ಗೊತ್ತೇ ಇರಲಿಲ್ಲ.

ರಿಜಿಸ್ಟರಿನಲ್ಲಿ ಒಬ್ಬೊಬ್ಬರ ವಿವರವೂ ಎರಡು ಪುಟದ ಅಗಲಕ್ಕೆ ಹರಡಿಕೊಂಡಿತ್ತು. ಎಡಪುಟದಲ್ಲಿ ಸಾಲು, ಹೆಸರು, ವಯಸ್ಸು, ತಾರೀಖು. ಬಲಪುಟದಲ್ಲಿ ಕಸುಬು, ತಂದವರು, ಇನ್ನೂ ಏನೇನೋ.

"ಎಲ್ಲ ಹಾಕೋಕೆ ಹೋದರೆ ನನಗೆ ಗಡ್ಡ ಬೆಳ್ಳಗಾಗುತ್ತೆ," ಅಂದಿದ್ದ ಅಣ್ಣ.

"ಮೊದಲು ಗಡ್ಡ ಬರಲಿ ಬಿಡು," ಅಂದಿದ್ದಳು ಅಮ್ಮ. ಆದರೂ ಅವನ ಮಾತಿಗೆ ಒಪ್ಪಿ, ಎಡಪುಟ ಮಾತ್ರ ಸಾಕು ಎಂದು ತೀರ್ಮಾನವಾಯಿತು. ಅಣ್ಣ ಎಡಪುಟಗಳನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ತಂಗಿಯ ಕೈಗೆ ಕೊಟ್ಟ.

ಮೊದಲ ಪುಸ್ತಕ ಬರೆದ ಗುಮಾಸ್ತನ ಅಕ್ಷರ ಮುತ್ತು ಪೋಣಿಸಿದಂತಿತ್ತು. ಬಟಾಣಿ ಅದನ್ನು ಪಟಪಟ ಓದಿ ಮುಗಿಸಿದಳು. ಆಮೇಲೆ ಬಂದವನದು ಬರೀ ಕಾಗೆಕಾಲು ಗುಬ್ಬಿಕಾಲು. ಅವನ ಪುಸ್ತಕ ಶುರುವಾದಂದಿನಿಂದಲೇ ಈ ಹನ್ನೊಂದರ ಕಾಟವೂ ಶುರುವಾಗಿತ್ತು. ಪ್ರತಿ ಪುಟದಲ್ಲೂ ಮೊದಲನೆಯವರ ವಯಸ್ಸಿನ ಜಾಗದಲ್ಲಿ 'ಗೊತ್ತಿಲ್ಲ' ಅಂತ ಇರುತ್ತಿತ್ತು. ಅದನ್ನು ಅಣ್ಣ ಖಾಲಿ ಬಿಡುತ್ತಿದ್ದ. ಅದರ ಕೆಳಗೆ ಹನ್ನೊಂದು. ಅದರ ಕೆಳಗೆ ಹನ್ನೊಂದು. ಪುಟದ ತುಂಬಾ ಹನ್ನೊಂದು.

ಬಟಾಣಿಗೆ ಈಗ ಹತ್ತು. ಬರುವ ಸೋಮವಾರ ಅವಳ ಹುಟ್ಟುಹಬ್ಬ.

"ಅಣ್ಣಾ," ಅಂದಳು ಮೆಲ್ಲಗೆ.

"ಹ್ಞೂಂ."

"ಇವರೆಲ್ಲ ಯಾಕೆ ಸತ್ತುಹೋದರು?"

"ಯಾರು?"

"ಇವರೇ. ಈ ಪುಟದವರು."

"ಸ್ಮಶಾನದ ಪುಸ್ತಕ ಕಣೇ ಇದು. ಮದುವೆ ಆಲ್ಬಮ್ ಅಲ್ಲ. ಮುಂದಿನವರು?" ಅಂದ ಅಣ್ಣ.

* * *

ಮಾರನೆಯ ದಿನ ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಬಟಾಣಿ ಪಕ್ಕದ ಸೀಟಿನ ಗೆಳತಿಯನ್ನು ಕೇಳಿದಳು. ಅವಳದು ಇಡೀ ತರಗತಿಯಲ್ಲೇ ಎಲ್ಲರಿಗಿಂತ ದಪ್ಪ ಕನ್ನಡಕ. ಎಲ್ಲರೂ ಅವಳನ್ನು ಚಶ್ಮಾ ಎನ್ನುತ್ತಿದ್ದರು.

"ನಿನಗೆ ಹನ್ನೊಂದು ಆಯ್ತಾ?"

"ಯಾವಾಗಲೋ ಆಯ್ತು. ರಜದಲ್ಲೇ."

"ಆಮೇಲೆ ಏನೂ ಆಗಲಿಲ್ವಾ?"

ಚಶ್ಮಾ ಯೋಚನೆ ಮಾಡಿದಳು. "ಒಂದು ಹಲ್ಲು ಬಿತ್ತು."

"ಅಷ್ಟೇನಾ?"

"ಆಮೇಲೆ ಜ್ವರ ಬಂತು. ಆಮೇಲೆ ನಮ್ಮ ಮೀನು ಸತ್ತುಹೋಯ್ತು." ಬೆರಳು ಮಡಚುತ್ತ ಹೋದ ಚಶ್ಮಾ ಥಟ್ಟನೆ ನಿಲ್ಲಿಸಿದಳು. "ಯಾಕೇ? ಹನ್ನೊಂದು ಡೇಂಜರ್ರಾ?"

"ಗೊತ್ತಿಲ್ಲ."

"ಗೊತ್ತಿಲ್ಲದೆ ಯಾಕೆ ಕೇಳ್ತೀಯ? ಈಗ ನನಗೂ ಭಯ ಆಗ್ತಿದೆ!"

ಚಶ್ಮಾ ನಾಲಿಗೆಯಿಂದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. ಆಮೇಲೆ ತನ್ನ ಡಬ್ಬಿಯಲ್ಲಿದ್ದ ಕೊನೆಯ ಬಿಸ್ಕತ್ತನ್ನು ಬಟಾಣಿಗೆ ಕೊಟ್ಟಳು. ಸುಮ್ಮಸುಮ್ಮನೆ ಬಿಸ್ಕತ್ತು ಬಿಟ್ಟುಕೊಡುವ ಹುಡುಗಿಯಲ್ಲ ಅವಳು. ಅದರಿಂದ ಬಟಾಣಿಯ ಭಯ ಇನ್ನೂ ಹೆಚ್ಚಾಯಿತು.

ಆ ಸಂಜೆ ಅಪ್ಪ ಬಸ್ಸಿನ ಡ್ಯೂಟಿ ಮುಗಿಸಿ, ಮನೆಗೆ ಬಂದು ಷೂ ಬಿಚ್ಚುತ್ತ ಕೇಳಿದ: "ಸೋಮವಾರ ಏನು ಬೇಕು ನಮ್ಮ ಬಟಾಣಿಗೆ? ಕೇಕಾ? ಪೇಂಟ್ ಡಬ್ಬಿನಾ?"

"ಏನೂ ಬೇಡ."

"ಏನೂ ಬೇಡ್ವಾ! ಜ್ವರ ಏನಾದರೂ ಬಂದಿದೆಯಾ?"

ಬಟಾಣಿ ಗಾಬರಿಯಿಂದ ಹಣೆ ಮುಟ್ಟಿಕೊಂಡಳು. ಜ್ವರ ಇರಲಿಲ್ಲ.

ಊಟಕ್ಕೆ ಕೂತಾಗ ಅಮ್ಮನ ಮುಖವೂ ಸಪ್ಪಗಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಪತ್ರವನ್ನು ಅವಳು ಮತ್ತೆ ಮತ್ತೆ ನೋಡುತ್ತಿದ್ದಳು. ಅದು ಬಂದು ಬಹಳ ದಿನವಾಗಿತ್ತು. ಅದನ್ನು ಬರೆದವರು ಬಹಳ ದೂರದ ದೇಶದಲ್ಲಿರುವ ಒಬ್ಬ ಅಜ್ಜ. ಅವರಿಗೆ ಕಂಪ್ಯೂಟರ್ ಬಾರದು. ನೀಲಿ ಶಾಯಿಯಲ್ಲಿ, ನಡುಗುವ ಅಕ್ಷರದಲ್ಲಿ ಹೀಗೆ ಬರೆದಿದ್ದರು:

'ತಾಯೀ, ನಾನು ನಿಮ್ಮ ಊರು ಬಿಟ್ಟಾಗ ನನಗೆ ಏಳು ವರ್ಷ. ನನ್ನ ಅಜ್ಜಿ ಅಲ್ಲಿ ಸೂಲಗಿತ್ತಿಯಾಗಿದ್ದಳು. ಅವಳು ತೀರಿಕೊಂಡ ವಾರದಲ್ಲೇ ನಾವು ಊರು ಬಿಡಬೇಕಾಯಿತು. ಅವಳ ತಲೆಯ ಕಡೆ ಒಂದು ಕಲ್ಲು ಇಡುವುದಕ್ಕೂ ಆಗಲಿಲ್ಲ. ಅದೇ ಕೊರಗಿನಲ್ಲಿ ನನ್ನ ಅಪ್ಪ ಹೋದ. ಈಗ ಆ ಕೊರಗು ನನ್ನ ಪಾಲಿಗೆ ಬಂದಿದೆ. ನನ್ನ ಮೊಮ್ಮಗಳು ನಿಮ್ಮ ವೆಬ್‌ಸೈಟಿನಲ್ಲಿ ಹುಡುಕಿದಳು. ಅಜ್ಜಿಯ ಹೆಸರಿನ ಒಬ್ಬ ಹುಡುಗಿ ಸಿಕ್ಕಳಂತೆ. ಅಜ್ಜಿ ಸಿಗಲಿಲ್ಲ. ಅವಳು ಎಲ್ಲಿದ್ದಾಳೆ ಎಂದು ಗೊತ್ತಾದರೆ ಸಾಕು.'

"ಉತ್ತರ ಬರೆದೆಯಾ?" ಅಪ್ಪ ಕೇಳಿದ.

"ಏನಂತ ಬರೀಲಿ? 'ಮಾನ್ಯರೇ' ಅಂತ ಬರೆದು ಕೂತಿದೀನಿ. ಅದರ ಮುಂದೆ ಕೈ ಓಡ್ತಾ ಇಲ್ಲ. ಅವರು ಊರು ಬಿಟ್ಟ ವರ್ಷ ಆ ಹೆಸರಿನವಳು ಒಬ್ಬಳೇ ಇರೋದು. ಅವಳೂ ಹನ್ನೊಂದು ವರ್ಷದ ಹುಡುಗಿ. 'ಸಿಗಲಿಲ್ಲ' ಅಂತ ಒಂದು ಮಾತು ಬರೆದುಬಿಡಬಹುದು. ಆ ವಯಸ್ಸಾದವರು ಅದನ್ನ ಓದೋದು ನೆನೆಸಿಕೊಂಡರೆ..." ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಬಟಾಣಿಯೂ ತಟ್ಟೆ ಸರಿಸಿದಳು. ಹನ್ನೊಂದು ವರ್ಷದ ಇನ್ನೊಬ್ಬಳು ಹುಡುಗಿ!

* * *

ಶನಿವಾರ ಮಧ್ಯಾಹ್ನ ಅಣ್ಣ ಲ್ಯಾಪ್‌ಟಾಪ್ ತೆರೆದು ಕೂತ. ಪ್ರಿಂಟುಗಳನ್ನು ಮೇಜಿನ ಮೇಲೆ ಜೋಡಿಸಿದ.

"ಬಾರೇ ಬಟಾಣಿ. ಇನ್ನೊಂದು ಹತ್ತು ಪುಟ ಎಳೆದುಬಿಡೋಣ."

"ನಾನು ಓದಲ್ಲ."

"ಯಾಕೆ?"

"ಓದಲ್ಲ ಅಂದರೆ ಓದಲ್ಲ."

"ಅಮ್ಮಾ, ನೋಡು ಇವಳ ಕೊಬ್ಬು!"

ಅಮ್ಮ ಅಡುಗೆಮನೆಯಿಂದ ಕೈ ಒರೆಸುತ್ತ ಬಂದಳು. "ಏನಾಯ್ತು ಪುಟ್ಟಾ? ಗಂಟಲು ನೋಯ್ತಿದೆಯಾ?"

ಬಟಾಣಿ ತಲೆ ಅಲ್ಲಾಡಿಸಿದಳು. ವಾರದಿಂದ ಹೊಟ್ಟೆಯಲ್ಲಿ ಅಡಗಿಸಿ ಇಟ್ಟುಕೊಂಡಿದ್ದೆಲ್ಲ ಒಂದೇ ಸಲಕ್ಕೆ ಹೊರಬಂತು.

"ನನಗೆ ಹನ್ನೊಂದಾಗೋದು ಬೇಡ! ಆ ಪುಸ್ತಕದಲ್ಲಿ ಎಲ್ಲರೂ ಹನ್ನೊಂದಕ್ಕೇ ಸತ್ತಿದಾರೆ. ಒಬ್ಬರಲ್ಲ ಇಬ್ಬರಲ್ಲ, ಎಲ್ಲರೂ! ಚಶ್ಮಾಗೆ ಆಗಲೇ ಹಲ್ಲು ಬಿದ್ದಿದೆ!"

ಅಣ್ಣನಿಗೆ ನಗು ಉಕ್ಕಿತು. ಅಮ್ಮ ಒಂದೇ ನೋಟದಲ್ಲಿ ಅವನ ಬಾಯಿ ಮುಚ್ಚಿಸಿದಳು. ಮಗಳನ್ನು ಪಕ್ಕಕ್ಕೆ ಎಳೆದುಕೊಂಡು ಕೂತಳು. "ಎಲ್ಲರೂ ಅಂದರೆ? ನನಗೆ ತೋರಿಸು."

ಬಟಾಣಿ ಮೂಗು ಒರೆಸಿಕೊಂಡು ಪ್ರಿಂಟನ್ನು ಮುಂದೆ ತಳ್ಳಿದಳು. ಅಮ್ಮನ ಕನ್ನಡಕ ಅಡುಗೆಮನೆಯಲ್ಲೇ ಉಳಿದಿತ್ತು. ಅವಳು ಕಾಗದವನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿದಳು.

"ಕಾಗೆಕಾಲು. ಏನೂ ಕಾಣಲ್ಲ. ಲೋ, ಪೂರ್ತಿ ಫೋಟೊ ಇದೆಯಲ್ಲ, ಅದನ್ನ ತೆಗಿ. ಬಲಪುಟದಲ್ಲಿ ಕಾಯಿಲೆ ಏನಾದರೂ ಬರೆದಿರಬಹುದು."

ಅಣ್ಣ ಎರಡೂ ಪುಟದ ಫೋಟೊ ತೆರೆದು ದೊಡ್ಡದು ಮಾಡಿದ. ಬಲಪುಟದಲ್ಲಿ ಕಾಯಿಲೆಯ ಮಾತೇ ಇರಲಿಲ್ಲ. ಕಸುಬಿನ ಕಾಲಂ ಮಾತ್ರ ಸ್ಪಷ್ಟವಾಗಿತ್ತು. ಅಮ್ಮ ಬೆರಳಿಟ್ಟು ಓದಿದಳು.

"ಎರಡನೆಯವರು. ವಯಸ್ಸು ಹನ್ನೊಂದು ಅಂತೀಯ. ಕಸುಬು... ಕಮ್ಮಾರ."

"ಹನ್ನೊಂದಕ್ಕೇ ಕಮ್ಮಾರನಾ?" ಅಂದ ಅಣ್ಣ.

"ಹಿಂದಿನ ಕಾಲ ಕಣೋ. ಚಿಕ್ಕ ಮಕ್ಕಳೂ ಕೆಲಸ ಮಾಡ್ತಿದ್ದರು. ಮೂರನೆಯವರು. ಹನ್ನೊಂದು. ಕಸುಬು..." ಅಮ್ಮ ಪರದೆಯ ಹತ್ತಿರ ಬಾಗಿದಳು. "ನಿವೃತ್ತ ಉಪಾಧ್ಯಾಯರು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

"ಹನ್ನೊಂದಕ್ಕೇ ರಿಟೈರ್ಡ್ ಮೇಷ್ಟ್ರು!" ಅಣ್ಣ ಕುರ್ಚಿಯಿಂದಲೇ ಜಾರಿದ. "ಏನು ಪುಣ್ಯವಂತ! ನನಗಿನ್ನೂ ಮೊದಲನೇ ಸೆಮಿಸ್ಟರೇ ಮುಗಿದಿಲ್ಲ!"

"ಸುಮ್ಮನಿರೋ. ನಾಲ್ಕನೆಯವರು. ಹನ್ನೊಂದು. ಕಸುಬು ದರ್ಜಿ. ತಂದವರು..." ಅಮ್ಮನಿಗೂ ನಗು ತಡೆಯಲಾಗಲಿಲ್ಲ. "ತಂದವರು, ಮೂವರು ಮೊಮ್ಮಕ್ಕಳು."

ಬಟಾಣಿ ಅಳು ಮರೆತು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು. ಅಮ್ಮ ಓಡಿಹೋಗಿ ಕನ್ನಡಕ ಹಾಕಿಕೊಂಡು ಬಂದಳು. ವಯಸ್ಸಿನ ಕಾಲಂ ಅನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಕರ್ಮವೇ! ಇದು ಹನ್ನೊಂದಲ್ಲ ಕಣೇ. ಇದು ಡಿಟ್ಟೋ!"

"ಡಿಟ್ಟೋ ಅಂದರೆ?"

"ನೀನು ಡಿಟ್ಟೋ ನಿಮ್ಮ ಸೋದರತ್ತೆ ಥರ ಅಂತ ಎಲ್ಲರೂ ಅಂತಾರಲ್ಲ, ಅದೇ ಡಿಟ್ಟೋ. ಮೇಲೆ ಇರೋದೇ ಕೆಳಗೂ ಅಂತ. ಮತ್ತೆ ಮತ್ತೆ ಬರೆಯೋಕೆ ಬೇಜಾರಾದರೆ ಎರಡು ಗೀಟು ಹಾಕ್ತಾರೆ. ನೋಡು, ಮೇಲೆ ಏನಿದೆ?"

"ಗೊತ್ತಿಲ್ಲ," ಓದಿದಳು ಬಟಾಣಿ.

"ಹಾಗಾದರೆ ಅದರ ಕೆಳಗೆ?"

"ಗೊತ್ತಿಲ್ಲ. ಅದರ ಕೆಳಗೆ... ಗೊತ್ತಿಲ್ಲ. ಅದರ ಕೆಳಗೂ ಗೊತ್ತಿಲ್ಲ!" ಬಟಾಣಿಯ ದನಿ ಒಂದೊಂದು ಗೆರೆಗೂ ಏರುತ್ತ ಹೋಯಿತು. "ಗೊತ್ತಿಲ್ಲ! ಗೊತ್ತಿಲ್ಲ! ಅಮ್ಮಾ, ಯಾರಿಗೂ ಹನ್ನೊಂದಲ್ಲ!"

ಡಿಟ್ಟೋ ಎಂಬ ಮಾತನ್ನು ಅವಳು ಹುಟ್ಟಿದಂದಿನಿಂದ ಕೇಳಿದ್ದಳು. ಅದಕ್ಕೊಂದು ಗುರುತು ಉಂಟು ಎಂದು ಯಾರೂ ಅವಳಿಗೆ ತೋರಿಸಿರಲಿಲ್ಲ. ಶಾಲೆಯಲ್ಲಿ ಟೀಚರು ಪ್ರತಿ ಸಾಲನ್ನೂ ಪೂರ್ತಿ ಬರೆಸುತ್ತಿದ್ದರು. ಅವಳು ಗೀಟು ನೋಡಿ ಹನ್ನೊಂದು ಎಂದಳು. ಅಣ್ಣ ಕಾಗದ ನೋಡದೆ ಕಿವಿಗೆ ಬಿದ್ದದ್ದನ್ನು ಒತ್ತುತ್ತ ಹೋದ.

ಅವಳ ಎದೆಯ ಮೇಲೆ ಕೂತಿದ್ದ ದಪ್ಪ ಬೆಕ್ಕೊಂದು ಎದ್ದು ಹೋದಂತಾಯಿತು. "ಅಮ್ಮಾ, ಹಸಿವು," ಅಂದಳು.

"ಎಂಥ ಸೋಂಬೇರಿ ಗುಮಾಸ್ತ ಇವನು," ಅಂದ ಅಣ್ಣ. "ವಯಸ್ಸು ಎಷ್ಟು ಅಂತ ಕೇಳೋಕೆ ಏನಾಗಿತ್ತು?"

"ಅಳ್ತಾ ಬಂದವರನ್ನ ಕೇಳೋಕೆ ಬಾಯಿ ಬರಲಿಲ್ಲವೋ ಏನೋ," ಅಂದಳು ಅಮ್ಮ. ಹಾಗೆ ಹೇಳುತ್ತಲೇ ಅವಳ ಕಣ್ಣು ಫ್ರಿಜ್ಜಿನ ಕಡೆ ತಿರುಗಿತು.

"ಲೋ," ಅಂದಳು. "ಆ ವರ್ಷದ ಪುಟ ತೆಗಿ. ಆ ಅಜ್ಜನ ಅಜ್ಜಿ ಹೆಸರಿನ ಹುಡುಗಿ ಇದ್ದಳಲ್ಲ."

ಅಣ್ಣನೂ ನಗು ನಿಲ್ಲಿಸಿದ. ಪುಟ ಬಂತು. ಎಡಪುಟದಲ್ಲಿ ಆ ಹೆಸರು. ಪಕ್ಕದಲ್ಲಿ ಎರಡು ಗೀಟು. ಅಮ್ಮನ ಬೆರಳು ಗೆರೆ ಹಿಡಿದು ಮೆಲ್ಲಗೆ ಬಲಕ್ಕೆ ಸರಿಯಿತು. ಬಟಾಣಿ ಅವಳಿಗಿಂತ ಮೊದಲೇ ಓದಿಬಿಟ್ಟಳು.

"ಸೂಲಗಿತ್ತಿ."

* * *

"ಪುಸ್ತಕ ಹೇಳಿದ್ದನ್ನ ಒಂದು ಸಲ ನಂಬಿ ಕೆಟ್ಟೆ. ಈ ಸಲ ಹೋಗಿ ನೋಡಿಕೊಂಡೇ ಬರಬೇಕು," ಅಂದಳು ಅಮ್ಮ ಭಾನುವಾರ ಬೆಳಿಗ್ಗೆ. "ಅಲ್ಲಿ ಕಲ್ಲಿಲ್ಲ ಅಂತ ಅವರೇ ಬರೆದಿದಾರೆ. ಬರೀ ಹುಲ್ಲಿರುತ್ತೆ. ಆ ಜಾಗದ್ದೇ ಒಂದು ಫೋಟೊ ಕಳಿಸೋಣ."

ಪುಸ್ತಕದಲ್ಲಿ ಆ ಅಜ್ಜಿಗೆ ಬರೆದಿದ್ದ ಒಂಬತ್ತನೇ ಸಾಲು ಬೇಲಿಯ ಪಕ್ಕದಲ್ಲಿತ್ತು. ಬೇಲಿಯ ಮರಗಳ ನೆರಳಿಗೆ ಅಲ್ಲಿನ ಕಲ್ಲುಗಳೆಲ್ಲ ಹಸಿರು ಕಟ್ಟಿದ್ದವು. ಕೆಲವು ವಾಲಿದ್ದವು. ಅಮ್ಮ ನಕ್ಷೆ ಹಿಡಿದು ಎಣಿಸುತ್ತ ನಡೆದಳು. ಬಟಾಣಿ ಬಕೆಟ್ಟು, ಬ್ರಷ್ಷು ಹಿಡಿದು ಹಿಂದೆ ನಡೆದಳು.

ಅಮ್ಮ ನಿಂತಳು. ಮತ್ತೆ ನಕ್ಷೆ ನೋಡಿದಳು. ಅಲ್ಲಿ ಬರೀ ಹುಲ್ಲಿರಲಿಲ್ಲ. ಒಂದು ಗಿಡ್ಡ ಕಲ್ಲು ಇತ್ತು. ಅದಕ್ಕೆ ಒಂದು ಊಟದ ಚೀಲ ನೇತುಬಿದ್ದಿತ್ತು.

ಹುಲ್ಲು ಕತ್ತರಿಸುವ ಮಾಮ ಕತ್ತರಿ ಹಿಡಿದು ಓಡಿಬಂದ. "ಅದು ನಂದು ಅಕ್ಕಾ. ನೆರಳಿದೆ ಅಂತ ದಿನಾ ಇಲ್ಲೇ ನೇತುಹಾಕ್ತೀನಿ. ಈ ಕಲ್ಲಲ್ಲಿ ಏನೂ ಬರೆದಿಲ್ಲ ಅಂದುಕೊಂಡಿದ್ದೆ."

ಅಮ್ಮ ಕಲ್ಲಿನ ಮೇಲೆ ನೀರು ಸುರಿದು ಮೆತ್ತನೆಯ ಬ್ರಷ್ಷಿನಿಂದ ಸವರಿದಳು. "ಉಜ್ಜಬಾರದು. ಉಜ್ಜಿದರೆ ಇರೋ ಅಕ್ಷರವೂ ಹೋಗುತ್ತೆ," ಅಂದಳು. ಹಸಿರು ಹೋಯಿತು. ಆದರೂ ಕಲ್ಲಿನ ಮೇಲೆ ಏನೋ ಗೀಚಿದಂತೆ ಕಂಡಿತೇ ಹೊರತು ಒಂದು ಅಕ್ಷರವೂ ಓದಲು ಬರಲಿಲ್ಲ.

"ಕನ್ನಡಿ ತೆಗಿ," ಅಂದಳು ಅಮ್ಮ.

ಬಟಾಣಿ ಚೀಲದಿಂದ ಅಣ್ಣನ ಹೊಸ ಶೇವಿಂಗ್ ಕನ್ನಡಿ ತೆಗೆದಳು. ಎರಡು ಕೂದಲಿಗೆ ಒಂದು ಕನ್ನಡಿ ಯಾಕೆ ಎಂದು ಅವನ ಕಣ್ಣು ತಪ್ಪಿಸಿ ತಂದಿದ್ದಳು. ಅಮ್ಮ ಹೇಳಿದಂತೆ ನೆರಳಿನಾಚೆ ಬಿಸಿಲಿನಲ್ಲಿ ನಿಂತು ಕನ್ನಡಿ ತಿರುಗಿಸಿದಳು. ಬೆಳಕಿನ ತುಂಡೊಂದು ಮರದ ಮೇಲೆ, ಮಾಮನ ಮೂಗಿನ ಮೇಲೆ ಹಾರಿ, ಕಲ್ಲಿನ ಮೇಲೆ ಬಂದು ಕೂತಿತು.

"ನೇರ ಬೇಡ. ಪಕ್ಕದಿಂದ ಬಿಡು. ಇನ್ನೂ ಓರೆಯಾಗಿ... ಹಾಂ, ಅಲ್ಲೇ! ಕದಲಬೇಡ!"

ಬೆಳಕು ಕಲ್ಲಿನ ಕೆನ್ನೆ ಸವರಿಕೊಂಡು ಹೋಯಿತು. ಒಂದೊಂದು ಗುಳಿಯಲ್ಲೂ ಒಂದು ಚೂರು ನೆರಳು ತುಂಬಿತು. ಮಲಗಿದ್ದ ಅಕ್ಷರಗಳು ಎದ್ದು ಕೂತವು. ಮೇಲುಗಡೆ, ಪತ್ರದಲ್ಲಿದ್ದ ಅದೇ ಹೆಸರು. ಅದರ ಕೆಳಗೆ ಅಮ್ಮ ಒಂದೊಂದೇ ಪದ ಬಿಡಿಸಿ ಓದಿದಳು:

'ಎಂಬತ್ತೊಂದು ವರ್ಷ ಬಾಳಿದಳು. ಇವಳ ಕೈಯಲ್ಲಿ ಹುಟ್ಟಿದವರೆಲ್ಲ ಸೇರಿ ನೆಟ್ಟ ಕಲ್ಲು.'

ಬಟಾಣಿಯ ಕೈ ನೋಯುತ್ತಿತ್ತು. ಆದರೂ ಕನ್ನಡಿ ಕದಲಿಸಲಿಲ್ಲ. ಮಾಮ ತನ್ನ ಊಟದ ಚೀಲವನ್ನು ಮೆಲ್ಲಗೆ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡ.

"ತಪ್ಪಾಯ್ತು ಅಜ್ಜೀ," ಅಂದ ಕಲ್ಲಿಗೆ.

"ಅಜ್ಜಿ ಬೈಯಲ್ಲ ಬಿಡಿ ಮಾಮ," ಅಂದಳು ಬಟಾಣಿ. "ನಿಮ್ಮ ತಾತನೂ ಅವಳ ಕೈಯಲ್ಲೇ ಹುಟ್ಟಿರಬಹುದು."

ಮಾಮ ತಲೆ ಕೆರೆದುಕೊಂಡು ಲೆಕ್ಕ ಹಾಕತೊಡಗಿದ. ಅಮ್ಮ ಫೋಟೊ ತೆಗೆಯುವ ಮೊದಲು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಊರಿನವರು ಇಟ್ಟಿದಾರೆ. ಆ ಅಜ್ಜನ ಮನೆಯವರು ಹೋದಮೇಲೆ ಊರಿನವರು ಇಟ್ಟಿದಾರೆ. ಅವರಿಗೆ ಗೊತ್ತೇ ಇಲ್ಲ," ಅಂತ ತನಗೆ ತಾನೇ ಹೇಳಿಕೊಂಡಳು.

* * *

ಆ ಮಧ್ಯಾಹ್ನ ಮೇಜಿನ ಮೇಲೆ ಎರಡು ಕೆಲಸ ನಡೆದವು. ಒಂದು ಕಡೆ ಅಮ್ಮ ಅರ್ಧಕ್ಕೇ ಬಿಟ್ಟಿದ್ದ 'ಮಾನ್ಯರೇ' ಹಾಳೆಯನ್ನು ತಂದು ಅದರ ಕೆಳಗೇ ಬರೆಯತೊಡಗಿದಳು. ಇನ್ನೊಂದು ಕಡೆ ಅಣ್ಣ, ತಂಗಿ ವೆಬ್‌ಸೈಟ್ ತಿದ್ದಲು ಕೂತರು. ಮೊದಲು ಸೂಲಗಿತ್ತಿ ಅಜ್ಜಿಯದು ಸರಿಯಾಯಿತು. ಆಮೇಲೆ ಉಳಿದವರದು.

"ಎಲ್ಲ ಹನ್ನೊಂದನ್ನೂ ಒಂದೇ ಕ್ಲಿಕ್ಕಿಗೆ ಅಳಿಸಿಬಿಡ್ತೀನಿ," ಅಂದ ಅಣ್ಣ.

"ಬೇಡ," ಅಂದಳು ಅಮ್ಮ ತಲೆ ಎತ್ತದೆ. "ಒಂದೊಂದೇ ನೋಡಿ ಅಳಿಸಿ. ಈ ಸಲ ಇಬ್ಬರೂ ಕಾಗದ ನೋಡಿ."

ಅಣ್ಣ ಗೊಣಗಿದ. ಆದರೆ ಕಿವಿಯಿಂದ ಹಾಡು ತೆಗೆದಿಟ್ಟ. ಬಟಾಣಿ ಓದಿದಳು: ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ. ಕಮ್ಮಾರ, ದರ್ಜಿ, ಹೂ ಮಾರುವವಳು. ಒಂದು ಪುಟದ ಕೊನೆಯ ಗೆರೆಗೆ ಬಂದಾಗ ಅವಳ ಸ್ಕೇಲು ನಿಂತಿತು.

"ಅಣ್ಣಾ. ಇದು ಡಿಟ್ಟೋ ಅಲ್ಲ."

ಆ ಒಂದು ಗೆರೆಯಲ್ಲಿ ಮಾತ್ರ ಕಾಗೆಕಾಲು ಇರಲಿಲ್ಲ. ಒಂದೊಂದು ಅಕ್ಷರವನ್ನೂ ತಡೆದು ತಡೆದು ಬರೆದಂತಿತ್ತು. '11 ವರ್ಷ.' ಬಲಪುಟದಲ್ಲಿ, ಕಸುಬಿನ ಜಾಗದಲ್ಲಿ, 'ಶಾಲೆಗೆ ಹೋಗುತ್ತಿದ್ದ.'

ಅಣ್ಣ ಬೆರಳು ಎತ್ತಿದ. ಅಮ್ಮನೂ ಪೆನ್ನು ಕೆಳಗಿಟ್ಟು ಬಂದು ನೋಡಿದಳು.

"ಆವತ್ತು ಗುಮಾಸ್ತ ವಯಸ್ಸು ಕೇಳಿದಾನೆ," ಅಂದಳು.

ಬಟಾಣಿ ಆ ಹುಡುಗನ ಹೆಸರನ್ನು ಮನಸ್ಸಿನಲ್ಲೇ ಒಂದು ಸಲ ಓದಿದಳು. ಆಮೇಲೆ ಬಾಯಿಬಿಟ್ಟು ಓದಿದಳು. ಅವಳಿಗೆ ಮೊದಲಿನ ಹಾಗೆ ಹೆದರಿಕೆ ಆಗಲಿಲ್ಲ. ಇಷ್ಟು ದಿನ ಅವನು ಸುಳ್ಳು ಹನ್ನೊಂದರ ಗುಂಪಿನಲ್ಲಿ ಕಳೆದುಹೋಗಿದ್ದ. ಈಗ ಅವನು ಒಬ್ಬನೇ, ಸರಿಯಾಗಿ ಕಾಣುತ್ತಿದ್ದ.

"ಇವನದು ಹಾಗೇ ಇರಲಿ," ಅಂದಳು. "ಕಸುಬೂ ಹಾಕು ಅಣ್ಣಾ. ಇವನಿಗೂ, ಎಲ್ಲರಿಗೂ."

ಅಣ್ಣ ಗಡ್ಡದ ಮಾತು ಎತ್ತಲಿಲ್ಲ. ಇನ್ನೊಂದು ಕಾಲಂ ಸೇರಿಸಿದ.

ಅಮ್ಮ ಪತ್ರ ಮುಗಿಸಿ ಓದಿ ಹೇಳಿದಳು. ಕಲ್ಲಿನ ಮೇಲಿದ್ದ ಮಾತು ಪೂರ್ತಿ ಅದರಲ್ಲಿತ್ತು. ಕೊನೆಗೆ, 'ನಮ್ಮ ತಪ್ಪಿನಿಂದ ತಮಗೆ ತಡವಾಯಿತು, ಕ್ಷಮಿಸಬೇಕು' ಎಂದಿತ್ತು.

"ತಪ್ಪು ನಂದು," ಅಂದಳು ಬಟಾಣಿ. "ಓದಿದ್ದು ನಾನು."

"ಎಡಪುಟ ಸಾಕು ಅಂತ ಒಪ್ಪಿದವಳು ನಾನು," ಅಂದಳು ಅಮ್ಮ.

"ಡಿಟ್ಟೋ," ಅಂದ ಅಣ್ಣ, ಕೈ ಎತ್ತಿ.

ಸೋಮವಾರ ಶಾಲೆ ಬಿಟ್ಟ ಮೇಲೆ ಬಟಾಣಿ ಅಮ್ಮನ ಜೊತೆ ಅಂಚೆ ಕಚೇರಿಗೆ ಹೋದಳು. ಅವಳ ತುಟಿಯ ಮೂಲೆಯಲ್ಲಿ ಇನ್ನೂ ಕೇಕಿನ ಚೂರಿತ್ತು. ಚಶ್ಮಾ ಊಟದ ಬಿಡುವಿನಲ್ಲಿ ಎರಡು ತುಂಡು ತಿಂದು, ಹನ್ನೊಂದು ಒಳ್ಳೆಯ ನಂಬರು ಎಂದು ತೀರ್ಪು ಕೊಟ್ಟಿದ್ದಳು.

ಕೌಂಟರಿನ ಅಕ್ಕ ಲಕೋಟೆಯನ್ನು ತೂಗಿ ವಿಳಾಸ ನೋಡಿದಳು. "ಬಹಳ ದೂರ. ತಲುಪೋಕೆ ಎರಡು ವಾರವಾದರೂ ಆಗುತ್ತೆ," ಅಂದಳು.

ಎರಡು ವಾರ. ಆ ಅಜ್ಜ ಎಷ್ಟೋ ವರ್ಷ ಕಾದಿದ್ದಾರೆ ಎಂದುಕೊಂಡಳು ಬಟಾಣಿ. ಏಳು ವರ್ಷದ ಹುಡುಗನಾಗಿ ಅವರು ಇಲ್ಲಿಂದ ಹೋದರು. ಆ ದೂರದ ಊರಿನಲ್ಲಿ ಅವರಿಗೆ ಎಂಟಾಯಿತು, ಒಂಬತ್ತಾಯಿತು, ಹತ್ತಾಯಿತು. ಒಂದು ದಿನ ಹನ್ನೊಂದೂ ಆಗಿರಬೇಕು. ಆಗಲೂ ಅವರು ಅಜ್ಜಿಯ ಕಲ್ಲಿನ ಬಗ್ಗೆ ಯೋಚಿಸಿರಬೇಕು. ಕಲ್ಲು ಮಾತ್ರ ಇಲ್ಲೇ ಇತ್ತು, ಬೇಲಿಯ ನೆರಳಲ್ಲಿ.

"ನಾನು ಅಂಟಿಸಲಾ?" ಅಂದಳು.

ಅಕ್ಕ ಸ್ಟಾಂಪುಗಳನ್ನು ಅವಳ ಕೈಗೆ ಕೊಟ್ಟಳು. ಬಟಾಣಿ ಒಂದೊಂದನ್ನೇ ನೇರವಾಗಿ ಅಂಟಿಸಿ, ಅಂಗೈಯಿಂದ ಒತ್ತಿದಳು. ಅಕ್ಕ ಅದರ ಮೇಲೆ ಧಡ್ ಧಡ್ ಎಂದು ಮುದ್ರೆ ಹೊಡೆದು, ಹಿಂದೆ ಬಾಯ್ತೆರೆದು ನಿಂತಿದ್ದ ಚೀಲದೊಳಕ್ಕೆ ಹಾಕಿದಳು.

ಚೀಲ ತುಂಬಿತ್ತು. ಲಕೋಟೆ ಸ್ವಲ್ಪ ಹೊತ್ತು ಮೇಲೆಯೇ ಕೂತಿತ್ತು. ಅದು ಒಳಗೆ ಜಾರಿ ಮರೆಯಾಗುವವರೆಗೂ ಬಟಾಣಿ ಅಲ್ಲೇ ನಿಂತು ನೋಡಿದಳು.